ನಾನು ಎಸ್ಸೆಸ್ಸೆಲ್ಸಿಗೆ ಇಳಿಸಿದವರು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಗಣಿತವನ್ನು ಎರಡನೇ ಸಲ ಕಟ್ಟಿ, ಪಾಸಾಗಲು ಬೇಕಾದ ಮೂವತ್ತೈದಕ್ಕೆ ಸರಿಯಾಗಿ ಮೂವತ್ತೈದು ತೆಗೆದವನು. ಇಂಥ ನಾನು ಆರು ವರ್ಷ ನಂಜನಗೂಡಿನ ಪಕ್ಕದ ಕೈಗಾರಿಕಾ ಪ್ರದೇಶ ತಾಂಡ್ಯದ ಒಂದು ಕಾರ್ಖಾನೆಯ ಗೇಟಿನ ಎದುರು ಕೂತು, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಾಡಿದ ಮಕ್ಕಳನ್ನು ನನ್ನ ಮಟ್ಟಕ್ಕೆ ಇಳಿಸುವ ಕೆಲಸ ಮಾಡಿದೆ. ವಿಶ್ವವಿದ್ಯಾಲಯ ಮೂರು ವರ್ಷ ತೆಗೆದುಕೊಂಡು ಕೊಟ್ಟದ್ದನ್ನು ಮೂರು ನಿಮಿಷದಲ್ಲಿ ಕಿತ್ತುಕೊಳ್ಳುತ್ತಿದ್ದೆ. ಒಂದು ಬಾಲ್‌ಪೆನ್ನು ಸಾಕಾಗುತ್ತಿತ್ತು.

ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ಮಾಡಿದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಬರೆಯುವುದು ನನಗೆ ಕಷ್ಟವಲ್ಲ, ಅಕ್ಷರ ಚೆನ್ನಾಗಿದೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ನನ್ನ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕಿತ್ತು. ಇಪ್ಪತ್ತೆರಡನೇ ವಯಸ್ಸಿಗೆ ನಂಜನಗೂಡಿನಲ್ಲೇ ಒಂದು ಕಡೆ ಟೈಂಕೀಪರ್ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಮನೆದೇವರು ಯಾರು ಎಂದು. ಉತ್ತರ ಗೊತ್ತಿತ್ತು. ಕೆಲಸ ಖಾಯಂ ಆಯಿತು. ಐವತ್ತೆಂಟರ ತನಕ ಬಂದವರ ಹೆಸರು, ಬಂದ ಗಂಟೆ, ಹೋದ ಗಂಟೆ ಬರೆದೆ. ಪಿ.ಎಫ್. ಬಂತು, ಚಿಕ್ಕದೊಂದು ಪೆನ್ಷನ್ ಬಂತು, ಮನೆಗೆ ಮೇಲಂತಸ್ತು ಬಂತು. ನಾನೇನೋ ಸಾಧಿಸಿದೆ ಎಂದು ತಿಳಿದುಕೊಂಡಿದ್ದೆ. ಸಾಧಿಸಿದ್ದು ಇಷ್ಟೇ, ಸರಿಯಾದ ವರ್ಷದಲ್ಲಿ ಹುಟ್ಟಿದ್ದೆ.

ನಿವೃತ್ತನಾಗಿ ಕೆಲವು ವರ್ಷ ಮನೆಯಲ್ಲಿ ಕೂತು ಬೇಜಾರಾದ ಮೇಲೆ ಒಬ್ಬ ಲೇಬರ್ ಕಂಟ್ರಾಕ್ಟರ್ ಹುಡುಕಿಕೊಂಡು ಬಂದ. ತಾಂಡ್ಯದ ಒಂದು ಮಸಾಲೆಪುಡಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಅವನು ಜನ ಒದಗಿಸುತ್ತಿದ್ದ. ಬಂದವರ ಅರ್ಜಿ ಬರೆದುಕೊಡಲು ಒಳ್ಳೆಯ ಅಕ್ಷರದ ಒಬ್ಬರು ಬೇಕಿತ್ತು. ಗೇಟಿನ ಎದುರಿನ ಟೀ ಅಂಗಡಿಯ ಪಕ್ಕ, ಹೊಂಗೆ ಮರದ ಕೆಳಗೆ ಒಂದು ಸ್ಟೂಲು ಹಾಕಿಕೊಟ್ಟ. ಅದೇ ನನ್ನ ಆಫೀಸು.

ಕಂಪನಿಯ ಷರತ್ತು ಒಂದಿತ್ತು. ಪ್ಯಾಕಿಂಗ್ ಹೆಲ್ಪರ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಓದಿದವರು ಬೇಕು, ಅದಕ್ಕಿಂತ ಹೆಚ್ಚು ಓದಿದವರು ಬೇಡ. ಇದರ ಮರ್ಮವನ್ನು ಕಂಟ್ರಾಕ್ಟರ್ ಮೊದಲ ದಿನವೇ ಹೇಳಿಕೊಟ್ಟ.

"ಡಿಗ್ರಿ ಮಾಡ್ದೋನ್ನ ಒಳಕ್ಕೆ ಬುಟ್ರೆ ಮೊದಲ್ನೇ ವಾರ ಸೀನ್ತಾನೆ. ಎರಡ್ನೇ ವಾರ ರೂಲ್ಸ್ ಕೇಳ್ತಾನೆ. ಮೂರ್ನೇ ವಾರ ಬ್ಯಾಂಕ್ ಪರೀಕ್ಷೆ ಅದೆ ಅಂತ ರಜಾ ಆಕ್ತಾನೆ. ನಂಗೆ ಬ್ಯಾಡ ಕಣ್ರೀ. ಎಸ್ಸೆಲ್ಸಿ ಓದ್ದೋರ್ನ ಕಳ್ಸಿ."

ಕಳಿಸೋಣ ಎಂದರೆ ಎಸ್ಸೆಸ್ಸೆಲ್ಸಿಗೆ ನಿಂತವರು ಸುತ್ತಮುತ್ತ ಉಳಿದಿರಲೇ ಇಲ್ಲ. ಅಲ್ಲಿಗೆ ಓದು ಬಿಟ್ಟವರೆಲ್ಲ ಆಗಲೇ ಗೂಡ್ಸ್ ಆಟೋ ಓಡಿಸುತ್ತಿದ್ದರು, ಗಾರೆ ಕೆಲಸದಲ್ಲಿ ಮೇಸ್ತ್ರಿ ಆಗಿದ್ದರು, ಡಿಗ್ರಿಯವರಿಗಿಂತ ಚೆನ್ನಾಗಿ ದುಡಿಯುತ್ತಿದ್ದರು. ಕೆಲಸ ಕೇಳಿಕೊಂಡು ಗೇಟಿಗೆ ಬರುತ್ತಿದ್ದವರು ಪದವೀಧರರು ಮಾತ್ರ. ವಾರ ಕಳೆದರೂ ಜನ ಸಾಲದೆ ಕಂಟ್ರಾಕ್ಟರ್ ಒಂದು ದಿನ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬರೆಯೋರು ನೀವೇ ಅಲ್ವಾ? ಡಿಗ್ರಿಯೋರ್ನೇ ಎಸ್ಸೆಲ್ಸಿ ಮಾಡ್ಬುಡಿ" ಎಂದ.

ಮಾಡಿಬಿಟ್ಟೆ. ವಿದ್ಯಾಭ್ಯಾಸದ ಕಾಲಂನಲ್ಲಿ ದುಂಡಗೆ ಎಸ್ಸೆಸ್ಸೆಲ್ಸಿ ಎಂದು ಬರೆಯುವುದು ಸುಲಭ. ಅದರ ಕೆಳಗಿನ ಕಾಲಂ ಕಷ್ಟದ್ದು. ಓದು ಮುಗಿದ ಮೇಲೆ ಇಲ್ಲಿಯವರೆಗೆ ಏನು ಮಾಡುತ್ತಿದ್ದಿರಿ ಎಂದು ಅದು ಕೇಳುತ್ತಿತ್ತು. ಇಪ್ಪತ್ತೆರಡು ವರ್ಷದವನು ಹದಿನಾರಕ್ಕೇ ಓದು ಬಿಟ್ಟನೆಂದರೆ ನಡುವಿನ ಆರು ವರ್ಷ ಎಲ್ಲಿಗೆ ಹೋಯಿತು? ಅದಕ್ಕೂ ಒಂದು ಉಪಾಯ ಕಂಡುಕೊಂಡೆ.

"ಹಸ ಮೇಯಿಸ್ತಿದ್ದೆ ಅಂತ ಬರೀತೀನಿ" ಎಂದೆ ಸೋಸಲೆಯಿಂದ ಬಂದಿದ್ದ ಒಬ್ಬ ಹುಡುಗನಿಗೆ.

"ನಮ್ಮನೇಲಿ ಹಸ ಇಲ್ಲ ಸಾ."

"ಇವತ್ತಿಂದ ಅದೆ ಕಣ್ಲಾ. ಯಾರಾದ್ರೂ ಬಣ್ಣ ಕೇಳುದ್ರೆ ಕಂದು ಅನ್ನು."

"ನಂದು ಎಂ.ಎ. ಆಗದೆ ಸಾ. ಎರಡು ವರ್ಷ ಜಾಸ್ತಿ ಬತ್ತದೆ."

"ಅಂಗಾರೆ ಎರಡು ಹಸ."

ಸುತ್ತ ನಿಂತವರೆಲ್ಲ ನಕ್ಕರು. ಆ ಹುಡುಗನೂ ನಕ್ಕ. ನಗದೆ ಏನು ಮಾಡುತ್ತಾನೆ, ಕೆಲಸ ಬೇಕಿತ್ತಲ್ಲ.

ಬರೆದರೆ ಮುಗಿಯುತ್ತಿರಲಿಲ್ಲ. ಓದಿದವರಿಗೆ ಓದದವರಂತೆ ಇರುವುದನ್ನು ಕಲಿಸಬೇಕಿತ್ತು. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳಬೇಡಿ. ರುಜು ಮಾಡುವಾಗ ನಿಧಾನವಾಗಿ, ಒಂದೊಂದೇ ಅಕ್ಷರ ನೆನಪಿಸಿಕೊಂಡವರ ಹಾಗೆ ಮಾಡಿ. ನೋಟಿಸ್ ಬೋರ್ಡ್ ನೋಡಿ, ಓದಬೇಡಿ. ಆಫೀಸರ್ ಇಂಗ್ಲಿಷಿನಲ್ಲಿ ಬೈದರೆ ಮುಖದಲ್ಲಿ ಅರ್ಥವಾದ ಗುರುತು ಕಾಣಿಸಬಾರದು. ಈ ಪಾಠ ಎಲ್ಲರಿಗೂ ಒಗ್ಗುತ್ತಿರಲಿಲ್ಲ. ಎಂ.ಎ. ಹುಡುಗ ಎರಡನೇ ದಿನವೇ ಕ್ಯಾಂಟೀನಿನ ಗೋಡೆಯ ಮೇಲಿದ್ದ ಸೂಚನೆಯ ತಪ್ಪುಗಳನ್ನು ಸೀಮೆಸುಣ್ಣದಲ್ಲಿ ತಿದ್ದಿ ಸಿಕ್ಕಿಬಿದ್ದ. ಒಬ್ಬ ಬಿ.ಕಾಂ.ನವನು ಹೆಚ್ಚು ಗಂಟೆ ದುಡಿದ ಓಟಿ ಲೆಕ್ಕ ಹಾಕಿರುವ ಕ್ರಮವೇ ಸರಿಯಿಲ್ಲ ಎಂದು ಎಲ್ಲರ ಮುಂದೆ ಬಿಡಿಸಿ ಹೇಳಿದ. ಕಂಟ್ರಾಕ್ಟರ್ ನನ್ನ ಹತ್ತಿರ ಏದುಸಿರು ಬಿಡುತ್ತ ಬಂದು, "ಯಾರ್ರೀ ಅವ್ನು? ಹಸ ಮೇಯಿಸ್ತಿದ್ದೋನು ಪರ್ಸೆಂಟೇಜ್ ಮಾತಾಡ್ತಾವನೆ" ಎಂದು ಕೇಳಿದ. ಇಬ್ಬರೂ ಆ ವಾರವೇ ಹೊರಗೆ ಬಂದರು.

ಇಳಿಸಿಕೊಂಡವರು ಸಂಜೆ ಗೇಟಿನಿಂದ ಕೆಂಪು ಕಣ್ಣು ಮಾಡಿಕೊಂಡು, ಮೂಗು ಒರೆಸಿಕೊಂಡು ಬರುವ ಹೊತ್ತಿಗೆ, ಶಾಲೆಯಲ್ಲಿ ಅವರ ಜೊತೆ ಓದಿ ಫೇಲಾಗಿದ್ದ ಗೂಡ್ಸ್ ಆಟೋದವರು ಬಾಳೆಗೊನೆ ತುಂಬಿಕೊಂಡು ಅದೇ ರಸ್ತೆಯಲ್ಲಿ ಹೋಗುತ್ತಿದ್ದರು. "ಏನ್ಲಾ ಡಿಗ್ರಿ, ಒಳಗೆ ಖಾರ ಜಾಸ್ತಿನಾ?" ಎಂದು ಕೂಗಿ ಹಾರ್ನ್ ಬಾರಿಸುತ್ತಿದ್ದರು. ಅದನ್ನು ಕೇಳಿ ನಾನೂ ಸ್ಟೂಲಿನ ಮೇಲೆ ಕೂತು ನಗುತ್ತಿದ್ದೆ.

ಹೇಳಿಕೊಳ್ಳಬೇಕಾದ ಮೊದಲ ಮಾತು ಇದೇ. ನನಗೆ ಆ ಕೆಲಸದಲ್ಲಿ ಸುಖವಿತ್ತು. ಅನಿವಾರ್ಯ ಎಂದು ಹೇಳಿಕೊಳ್ಳಲು ಬರುವುದಿಲ್ಲ, ಪೆನ್ಷನ್ ಬರುತ್ತಿತ್ತು. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ನನ್ನ ಮೇಲೆ ಇದ್ದವರೆಲ್ಲ ಡಿಗ್ರಿಯವರು. ಅವರೆದುರು ನಿಂತೇ ಮಾತಾಡಿದವನು ನಾನು. ಈಗ ಡಿಗ್ರಿ ನನ್ನ ಎದುರು ನಿಂತು, "ಸಾ, ದಯವಿಟ್ಟು ತೆಗೆದುಹಾಕಿ" ಎನ್ನುತ್ತಿತ್ತು. ಪ್ರತಿಯೊಬ್ಬರ ಅಂಕಪಟ್ಟಿಯನ್ನೂ ಈಸಿಕೊಂಡು, ಕನ್ನಡಕ ಹಾಕಿ, ಪೂರ್ತಿ ನೋಡುತ್ತಿದ್ದೆ. ನೋಡುವ ಅವಶ್ಯಕತೆ ಏನೂ ಇರಲಿಲ್ಲ. ಜಾಸ್ತಿ ಅಂಕ ಬಂದವರನ್ನು ಇಳಿಸುವಾಗ ಅಕ್ಷರ ಇನ್ನೂ ಚೆನ್ನಾಗಿ ಬರುತ್ತಿತ್ತು.

ಹೆಡತಲೆ ಊರಿನ ಹುಡುಗಿ ಬಂದದ್ದು ನನ್ನ ಎರಡನೇ ವರ್ಷದಲ್ಲಿ. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಅಲೆದಿದ್ದಳು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ್ದಳಂತೆ, ಅವರು ಕೊಡುತ್ತಿದ್ದದ್ದು ಬಸ್ಸಿಗೆ, ಸೀರೆಗೆ ಆಗುತ್ತಿತ್ತು, ಊಟಕ್ಕೆ ಆಗುತ್ತಿರಲಿಲ್ಲ. ಎಲ್ಲ ಸರ್ಟಿಫಿಕೇಟನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಡಿಸಿಕೊಂಡು ತಂದಿದ್ದಳು. ನಾನು ವಾಡಿಕೆಯಂತೆ ಕನ್ನಡಕ ಹಾಕಿದೆ.

"ಕೆಮಿಸ್ಟ್ರೀಲಿ ಎಂಬತ್ತೆರಡಾ?"

"ಹೂಂ ಸಾ."

"ಇದ ಮನೇಲಿ ಇಡು. ಇಲ್ಲಿ ತೋರಿಸ್ಬ್ಯಾಡ."

ಅವಳು ಫಾರಂ ನೋಡಿದಳು. "ನಮ್ಮನೇಲಿ ಮೂರು ಹಸ ಅವೆ ಸಾ. ಆದ್ರೆ ನಾನು ಮೇಯಿಸಿಲ್ಲ. ನಾನು ಕಾಲೇಜಿಗೆ ಹೋಗಿದ್ದೆ."

"ಹೆಣ್ಮಕ್ಕಳಿಗೆ ಹಸ ಬರಿಯಲ್ಲ, ಮನೆಗೆಲಸ ಅಂತ ಬರೀತೀನಿ."

"ಸುಳ್ಳು ಬರೆದ್ರೆ ಮುಂದಕ್ಕೆ ತೊಂದ್ರೆ ಆಗಲ್ವಾ?"

ಉಳಿದವರು ಯಾರೂ ಇದನ್ನು ಕೇಳಿರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆಯುತ್ತ, "ಏನಾದ್ರೂ ಆದ್ರೆ ನಾನಿದ್ದೀನಲ್ಲ ಕಣಮ್ಮ" ಎಂದೆ. ಟೀ ಅಂಗಡಿಯ ಹೆಂಗಸು ಲೋಟ ತೊಳೆಯುತ್ತ ಇದನ್ನು ಕೇಳಿಸಿಕೊಂಡಿದ್ದಳು. ನಾನು ಮರೆತರೂ ಅವಳು ಮರೆಯಲಿಲ್ಲ.

ಹುಡುಗಿ ಮೂರು ವರ್ಷ ಖಾರದಪುಡಿ, ಧನಿಯಪುಡಿ ಪ್ಯಾಕ್ ಮಾಡಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಲೈನಿನಲ್ಲಿ ನಿಂತವಳು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದಕ್ಕೆ ತೇವ ಜಾಸ್ತಿ ಇದೆ, ವಾಪಸ್ ಕಳಿಸಿ ಎನ್ನುತ್ತಿದ್ದಳಂತೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು. ಆಮೇಲಾಮೇಲೆ ಲ್ಯಾಬಿನವರೇ ಬಂದು, ಇವತ್ತು ಹೇಗಿದೆ ಎಂದು ಅವಳನ್ನು ಕೇಳಿಕೊಂಡು ಹೋಗಿ, ಮಷಿನ್ ನೋಡಿದ ಹಾಗೆ ಬರೆದುಕೊಳ್ಳುತ್ತಿದ್ದರಂತೆ.

ಅದೇ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಯಿತು. ಬಿ.ಎಸ್ಸಿ. ಆಗಿರಬೇಕು, ಒಳಗೆ ಕೆಲಸ ಮಾಡುತ್ತಿರುವವರಿಗೆ ಆದ್ಯತೆ, ಸಂಬಳ ಪ್ಯಾಕಿಂಗಿನವರ ಒಂದೂವರೆ ಪಟ್ಟು, ಕಂಪನಿಯ ಖಾಯಂ ಕೆಲಸ ಎಂದು ನೋಟಿಸ್ ಹಾಕಿದರು. ಓದಬಾರದು ಎಂದು ನಾನು ಹೇಳಿಕೊಟ್ಟಿದ್ದ ಬೋರ್ಡನ್ನು ಅವಳು ಓದಿದಳು. ಮನೆಯಿಂದ ಫೋಲ್ಡರ್ ತಂದು ಅರ್ಜಿ ಕೊಟ್ಟಳು. ಎರಡು ದಿನದ ಮೇಲೆ ಸಿಬ್ಬಂದಿ ವಿಷಯ ನೋಡುವ ಪರ್ಸನೆಲ್ ಆಫೀಸರ್ ನನ್ನನ್ನು ಒಳಗೆ ಕರೆಸಿದರು.

ಆಫೀಸರಿಗೆ ಮೂವತ್ತೈದು ದಾಟಿರಲಿಲ್ಲ. ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಇಟ್ಟಿದ್ದರು. ಒಂದು ಅವಳ ಪದವಿ ಪತ್ರ, ಇನ್ನೊಂದು ನನ್ನ ಅಕ್ಷರ. ಹುಡುಗಿ ಗೋಡೆಯ ಪಕ್ಕ ನಿಂತಿದ್ದಳು. ಕಂಟ್ರಾಕ್ಟರ್ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ.

"ಇವರು ಸೇರುವಾಗ ಎಸ್ಸೆಸ್ಸೆಲ್ಸಿ ಅಂತ ಡಿಕ್ಲೇರ್ ಮಾಡಿದ್ದಾರೆ. ಈಗ ಡಿಗ್ರಿ ತೋರಿಸ್ತಿದ್ದಾರೆ. ನೀವು ಬರೆದಿದ್ದು ಅಂತ ಹೇಳ್ತಾರೆ. ಏನಿದು?"

"ಸಾ, ನೀವೇ ಹೇಳಿ" ಎಂದಳು ಹುಡುಗಿ ನನಗೆ.

"ನಾನು ಬರ್ದಿದ್ದು ನಿಜ ಸಾ" ಎಂದೆ ಆಫೀಸರಿಗೆ. "ಅವ್ರು ಹೇಳಿದ್ದನ್ನ ಬರ್ದೆ."

"ಡಿಗ್ರಿ ವಿಷಯ ಹೇಳಿರಲಿಲ್ವಾ?"

"ಇಲ್ಲ ಸಾ."

ಹುಡುಗಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ನನ್ ಮಾರ್ಕ್ಸ್ ಕಾರ್ಡ್ ನೋಡಿ ಕೆಮಿಸ್ಟ್ರೀಲಿ ಎಂಬತ್ತೆರಡಾ ಅಂತ ಕೇಳಿದ್ರಲ್ಲ ಸಾ?"

"ನೆನಪಿಲ್ಲ ಕಣಮ್ಮ. ದಿನಾ ಎಷ್ಟೋ ಜನ ಬತ್ತಾರೆ."

ನೆನಪಿತ್ತು. ಇಂದಿಗೂ ಇದೆ, ಭೌತಶಾಸ್ತ್ರದಲ್ಲಿ ಬಂದ ಎಪ್ಪತ್ತೊಂದೂ ನೆನಪಿದೆ. ಸುಳ್ಳು ಮಾಹಿತಿ ಕೊಟ್ಟ ಕಾರಣಕ್ಕೆ ಲ್ಯಾಬಿನ ಕೆಲಸ ತಪ್ಪಿತು, ಅದೇ ಕಾರಣಕ್ಕೆ ಪ್ಯಾಕಿಂಗ್ ಕೆಲಸವೂ ಹೋಯಿತು. ಓದಿದ್ದು ಜಾಸ್ತಿಯಾಯಿತು ಎಂಬ ಅಪರಾಧಕ್ಕೆ ಓದದವನ ಸಾಕ್ಷಿ. ಅವಳು ಹೋಗುವಾಗ ಕೊಟ್ಟ ಅನುಭವ ಪತ್ರದಲ್ಲೂ ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ, ಕೆಲಸ ಹೆಲ್ಪರ್ ಎಂದೇ ಟೈಪ್ ಮಾಡಿದರು.

ಮರುದಿನ ಕಂಟ್ರಾಕ್ಟರ್ ನನ್ನ ಸ್ಟೂಲು ತೆಗೆಸಿ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಟೀ ಅಂಗಡಿಯ ಹೆಂಗಸು ಅದನ್ನು ಮೇಲಿಂದ ಕೆಳಗೆ ನೋಡಿ, "ಕುರ್ಚಿಗೇನೋ ಕೈ ಬಂತು, ನಿಮ್ ಬಾಯಿಗೆ ಏನಾಯ್ತು ಯಜಮಾನ್ರೆ?" ಎಂದು ಕೇಳಿದಳು. ನಾನು ಸಕ್ಕರೆ ಕಮ್ಮಿ ಹಾಕು ಎಂದೆ.

ಆ ಕುರ್ಚಿಯಲ್ಲಿ ಒಂದು ವರ್ಷ ಆರಾಮವಾಗಿ ಕೂತೆ. ಮನಸ್ಸು ಚುಚ್ಚುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಚುಚ್ಚಲಿಲ್ಲ. ಇನ್ನೂ ಬಹಳ ಜನರನ್ನು ಇಳಿಸಿದೆ. ಈಗೀಗ ಬರುವವರಿಗೆ ಪಾಠವೂ ಬೇಕಿರಲಿಲ್ಲ. ಮೊದಲೇ ಪೆನ್ನು ತೆಗೆದಿಟ್ಟು, ಹಸುವಿನ ಬಣ್ಣ ಗೊತ್ತು ಮಾಡಿಕೊಂಡು ಬರುತ್ತಿದ್ದರು.

ಒಂದು ದಿನ ಮಧ್ಯಾಹ್ನ ಟೀ ಅಂಗಡಿಯ ಹೆಂಗಸು ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು. ಹಿಂದೆ ಅವಳ ಮಗಳಿದ್ದಳು. ಆ ಮಗಳ ಕಾಲೇಜಿನ ಫೀಸು ನನ್ನ ಕಣ್ಣೆದುರು, ಲೋಟ ಲೋಟ ಟೀ ಮಾರಿ ಕಟ್ಟಿದ್ದು. ಬಿ.ಕಾಂ. ಪಾಸಾದಾಗ ಗೇಟಿನವರಿಗೆಲ್ಲ ಮೈಸೂರ್ ಪಾಕ್ ಹಂಚಿದ್ದಳು. ನಾನು ಎರಡು ತಿಂದಿದ್ದೆ.

"ಇವಳ್ದೂ ಒಂದು ಬರ್ದ್ಕೊಟ್ಬುಡಿ."

"ಏನು?"

"ಇನ್ನೇನು, ಎಸ್ಸೆಲ್ಸಿ. ಡಿಗ್ರಿ ಅಂತ ಎಲ್ಲಾರಾ ಬರ್ದೀರಿ, ಆ ಹೆಡತಲೆ ಹುಡುಗಿ ತರ ಆದಾತು."

ಫಾರಂ ತೆಗೆದುಕೊಂಡೆ. ಹೆಸರು ಬರೆದೆ, ತಂದೆ ಹೆಸರು ಬರೆದೆ. ವಿದ್ಯಾಭ್ಯಾಸದ ಕಾಲಂಗೆ ಬಂದಾಗ ಪೆನ್ನು ನಿಂತಿತು. ಎದುರಿಗೆ ನಿಂತಿದ್ದ ತಾಯಿ ಕೊರಗುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವ ಹಾಗೆ, ತಾನು ಬೆವರು ಸುರಿಸಿ ಕೊಡಿಸಿದ ಡಿಗ್ರಿಯನ್ನು ತೆಗೆದುಹಾಕಿ ಎಂದು ಕೇಳುತ್ತಿದ್ದಳು. ಕೇಳುವುದು ಅಷ್ಟು ಸಲೀಸಾಗಿರುವುದಕ್ಕೆ ಕಾರಣ ನಾನು.

"ಯಾಕೆ, ಇಂಕು ಮುಗೀತಾ?"

"ನಾಳೆ ಬರೀತೀನಿ. ಆ ಹೆಡತಲೆ ಹುಡುಗಿ ಎಲ್ಲವಳೆ ಈಗ?"

"ನರಸೀಪುರದಲ್ಲಿ, ಬಸ್ ಸ್ಟ್ಯಾಂಡ್ ತಾವ ಜೆರಾಕ್ಸ್ ಅಂಗಡೀಲಿ. ಸೋಸಲೇಲಿ ಅವಳಕ್ಕನ ಮನೆ ಅದೆ, ಅಲ್ಲಿಂದ ಬತ್ತಾಳೆ." ಆಮೇಲೆ ನನ್ನ ಮುಖ ನೋಡಿ ಸೇರಿಸಿದಳು, "ನಾನಿದ್ದೀನಲ್ಲ ಅಂದಿದ್ರಲ್ಲ, ಓಗಿ ನೋಡಿ, ಇದ್ದೀರಾ ಅಂತ."

ಮಂಗಳವಾರ ನರಸೀಪುರದ ಬಸ್ ಹತ್ತಿದೆ. ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ಹದಿನೈದು ಜನ ಫೋಲ್ಡರ್ ಹಿಡಿದು ನಿಂತಿದ್ದರು, ಯಾವುದೋ ಕೆಲಸಕ್ಕೆ ಅರ್ಜಿ ಹಾಕಲು. ಹುಡುಗಿ ಕಂಪ್ಯೂಟರ್ ಮುಂದೆ ಕೂತು ಒಬ್ಬೊಬ್ಬರಿಗೂ, "ಎಲ್ಲಾ ಸರ್ಟಿಫಿಕೇಟು ಕೊಡಿ, ಒಂದೂ ಬಿಡ್ಬೇಡಿ" ಎನ್ನುತ್ತಿದ್ದಳು. ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಲೆ ಎತ್ತಿ ನೋಡಿದಳು.

"ಏನ್ ಆಗ್ಬೇಕು ಸಾ?"

"ನಿನ್ ಹತ್ರ ಮಾತಾಡ್ಬೇಕಿತ್ತು ಕಣಮ್ಮ."

"ಜೆರಾಕ್ಸ್ ಎರಡ್ರೂಪಾಯಿ. ಮಾತಿಗೆ ಒಂದು ಗಂಟೆ ಮೇಲೆ ಬನ್ನಿ, ಜನ ಕಡಿಮೆ ಇರ್ತಾರೆ."

ಒಂದು ಗಂಟೆಯ ತನಕ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹೋದಾಗ ಅವಳು ಊಟದ ಡಬ್ಬಿ ಮುಚ್ಚುತ್ತಿದ್ದಳು. ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ತಪ್ಪಾಯ್ತು ಅನ್ನೋದು ನಂಗೆ ಪ್ರಯೋಜನ ಇಲ್ಲ ಸಾ. ತಾಂಡ್ಯದಲ್ಲೇ ಇನ್ನೊಂದು ಫ್ಯಾಕ್ಟ್ರೀಲಿ ಲ್ಯಾಬಿಗೆ ತಗೋತೀವಿ ಅಂದವ್ರೆ. ಹಳೇ ಕಂಪನಿ ಲೆಟರ್ ನೋಡಿ, ಇದರಲ್ಲಿ ಎಸ್ಸೆಸ್ಸೆಲ್ಸಿ ಅಂತ ಅದೆ, ಡಿಗ್ರಿ ನಿಜಾನಾ ಸುಳ್ಳಾ ಅಂತ ಕೇಳ್ತಾವ್ರೆ. ಶನಿವಾರದೊಳಗೆ ಸರಿ ಮಾಡಿಸಿರೋ ಲೆಟರ್ ಕೊಡಬೇಕು, ಇಲ್ಲಾಂದ್ರೆ ಬೇರೆಯವರನ್ನ ತಗೋತಾರೆ. ಎರಡು ಸಲ ಆಫೀಸರ್ ಹತ್ರ ಹೋಗಿದ್ದೆ. ಫೈಲಲ್ಲಿ ಹಂಗೇ ಅದೆ ಅಂತಾರೆ." ಒಂದು ಬಿಳಿ ಹಾಳೆ ನನ್ನ ಮುಂದೆ ತಳ್ಳಿದಳು. "ಬರ್ದ್ಕೊಡಿ. ನಿಮ್ಮ ಅಕ್ಷರ ಅವರಿಗೆ ಗೊತ್ತು."

ಬರೆದೆ. ಇವರ ವಿದ್ಯಾಭ್ಯಾಸವನ್ನು ಕಣ್ತಪ್ಪಿನಿಂದ ಎಸ್ಸೆಸ್ಸೆಲ್ಸಿ ಎಂದು ನಮೂದಿಸಿರುತ್ತೇನೆ. ಅವಳು ಓದಿದಳು.

"ಕಣ್ಣಿನ ಡಾಕ್ಟ್ರಿಗೆ ತೋರಿಸಿದ್ರಾ ಸಾ?"

"ಯಾಕಮ್ಮ?"

"ವರ್ಷಗಟ್ಟಲೆ ಒಂದೇ ಕಾಲಂನಲ್ಲಿ ಕಣ್ಣು ತಪ್ಪಿದೆಯಲ್ಲ, ಅದಕ್ಕೆ." ಇನ್ನೊಂದು ಹಾಳೆ ತಳ್ಳಿದಳು.

ಎರಡನೆಯದರಲ್ಲಿ, ಸಂಸಾರದ ಕಷ್ಟದಿಂದ ಕಂಟ್ರಾಕ್ಟರರ ಮಾತಿಗೆ ಕಟ್ಟುಬಿದ್ದು ಎಂದು ಶುರು ಮಾಡಿದೆ. ಅವಳು ಒಂದನೇ ಸಾಲಿಗೇ ನಿಲ್ಲಿಸಿದಳು. "ನಿಮಗೆ ಪೆನ್ಷನ್ ಬರಲ್ವಾ?"

"ಬತ್ತದೆ."

"ಮತ್ತೆ ಇದ್ಯಾರ ಸಂಸಾರ?"

ಮೂರನೇ ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಇವರು ಬಿ.ಎಸ್ಸಿ. ಎಂದು ನನಗೆ ಗೊತ್ತಿತ್ತು. ಅಂಕಪಟ್ಟಿ ನೋಡಿದ್ದೆ. ಗೊತ್ತಿದ್ದೇ ಎಸ್ಸೆಸ್ಸೆಲ್ಸಿ ಎಂದು ಬರೆದೆ. ಕೇಳಿದಾಗ ಸುಳ್ಳು ಹೇಳಿದೆ. ರುಜು ಹಾಕಿ ಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ಅಕ್ಷರ ಬರೆದದ್ದಿಲ್ಲ. ಅವಳು ಒಳ್ಳೆಯದಾಯಿತು ಎನ್ನಲಿಲ್ಲ. ಹಾಳೆಯನ್ನು ಮಷಿನ್ ಮೇಲೆ ಮಗುಚಿ ಹಾಕಿ ಮೂರು ಪ್ರತಿ ತೆಗೆದಳು. ಮೂಲ ಪ್ರತಿಯನ್ನು ನನಗೆ ಕೊಟ್ಟು, ಉಳಿದದ್ದನ್ನು ಅದೇ ಹಳೆಯ ಫೋಲ್ಡರಿಗೆ ಸೇರಿಸಿದಳು. ಆರು ರೂಪಾಯಿ ಕೇಳಿದಳು. ಕೊಟ್ಟೆ.

ಮರುದಿನ ಆಫೀಸರ್ ಆ ಹಾಳೆಯನ್ನು ಓದಿ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇವರೊಬ್ಬರದ್ದೇನಾ ಹೀಗೆ ಬರೆದಿರೋದು?"

"ಅಲ್ಲ ಸಾ. ಬಹಳ ಜನದ್ದು."

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಮಷಿನ್ ಮ್ಯಾನ್ಯುಯಲ್ ಇಂಗ್ಲಿಷಲ್ಲಿದೆ. ಪ್ಯಾಕಿಂಗ್‌ನಲ್ಲಿ ಎಲ್ಲರೂ ಅದನ್ನ ಓದ್ಕೊಂಡು ರಿಪೇರಿ ಮಾಡ್ಕೋತಾರೆ. ಹಸು ಮೇಯಿಸ್ತಿದ್ದೋರಂತೆ." ಹಾಳೆಯನ್ನು ಮಡಿಸಿ ನನ್ನ ಕಡೆ ನೂಕಿದರು. "ಇದನ್ನ ಫೈಲಿಗೆ ಹಾಕಿದ್ರೆ ಎಲ್ಲರ ಫೈಲೂ ತೆಗೀಬೇಕಾಗುತ್ತೆ. ತಗೊಂಡು ಹೋಗಿ. ವಯಸ್ಸಾಗಿದೆ, ಮನೇಲಿರಿ."

ಧೈರ್ಯ ಎಂದು ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಇದ್ದ ವಿಷಯ ಹೇಳಿದೆ. "ಇದರ ಜೆರಾಕ್ಸ್ ಮೂರು ಪ್ರತಿ ಆ ಹುಡುಗಿ ಹತ್ರ ಅವೆ ಸಾ."

ಆಫೀಸರ್ ಕಂಪ್ಯೂಟರ್ ಕಡೆ ತಿರುಗಿದರು. ಹೊಸ ಅನುಭವ ಪತ್ರ ಟೈಪಾಗಿ, ಸೀಲು ಬಿದ್ದು ಹೊರಬರಲು ಹತ್ತು ನಿಮಿಷ ಸಾಕಾಯಿತು. ಬಿ.ಎಸ್ಸಿ. ಪದವೀಧರೆ, ಮೂರು ವರ್ಷ, ಪ್ಯಾಕಿಂಗ್ ಮತ್ತು ಗುಣಮಟ್ಟ ಪರಿಶೀಲನೆ. ಎರಡು ಸಲ ಬಂದು ಹೋದ ಹುಡುಗಿಗೆ ಆಗದೆ ಇದ್ದದ್ದು. ನನ್ನ ಹಾಳೆಯನ್ನು ನನ್ನ ಕೈಯಲ್ಲೇ ಹರಿಸಿ ಬುಟ್ಟಿಗೆ ಹಾಕಿಸಿದರು.

ನಾನು ಗೇಟಿನಿಂದ ಹೊರಗೆ ಬರುವಷ್ಟರಲ್ಲಿ ಕುರ್ಚಿ ಹೋಗಿತ್ತು. ಕಂಟ್ರಾಕ್ಟರ್ ಮರಕ್ಕೆ ಒರಗಿ ನಿಂತಿದ್ದ. "ಇಷ್ಟ್ ವರ್ಸ ಅನ್ನ ಆಕ್ದೋರ್ನ ಮರ್ತ್ರಲ್ಲ ಯಜಮಾನ್ರೆ" ಎಂದ. ಅವನು ಕೊಡಿಸಿದ್ದು ಟೀ ಮಾತ್ರ, ಆದರೂ ಆ ದಿನ ತಿದ್ದಲು ಹೋಗಲಿಲ್ಲ.

ಶುಕ್ರವಾರ ನರಸೀಪುರಕ್ಕೆ ಹೋಗಿ ಪತ್ರ ಕೊಟ್ಟೆ. ಅವಳು ಸಾಲು ಸಾಲಾಗಿ ಬೆರಳಿಟ್ಟು ಓದಿ, "ಸರಿ ಅದೆ" ಎಂದಳು. ಮುಂದಿನ ಗಿರಾಕಿಯನ್ನು ಕರೆದಳು.

ಎರಡು ತಿಂಗಳ ಮೇಲೆ ಟೀ ಅಂಗಡಿಯ ಬೆಂಚಿನಲ್ಲಿ ಅವಳನ್ನು ಮತ್ತೆ ಕಂಡೆ. ನಾನು ಈಗಲೂ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತೇನೆ, ಗಿರಾಕಿಯಾಗಿ. ಅವಳು ಹೊಸ ಫ್ಯಾಕ್ಟರಿಯ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಳು.

"ಲ್ಯಾಬ್ ಹೆಂಗದೆಯಮ್ಮ?"

"ಚೆನ್ನಾಗದೆ. ಟ್ರೈನಿ ಅಂತ ತಗೊಂಡವ್ರೆ, ಹನ್ನೆರಡು ಸಾವಿರ."

"ಪ್ಯಾಕಿಂಗಲ್ಲಿ ಎಷ್ಟು ಬತ್ತಿತ್ತು?"

"ಓಟಿ ಸೇರಿ ಹದಿನಾಲ್ಕು." ಟೀ ಊದಿ ಒಂದು ಗುಟುಕು ಕುಡಿದಳು. "ಎಸ್ಸೆಸ್ಸೆಲ್ಸಿಲೇ ಲಾಭ ಇತ್ತು ಸಾ. ನೀವು ಹೇಳಿದ್ದು ಲೆಕ್ಕಕ್ಕೆ ಸರಿನೇ."

ನಾನು ನಗಬೇಕೋ ಬೇಡವೋ ತಿಳಿಯದೆ ಲೋಟ ನೋಡುತ್ತ ಕೂತೆ. ಅವ್ವ ಕರೆದಳೆಂದು ಟೀ ಅಂಗಡಿಯ ಹೆಂಗಸಿನ ಮಗಳು ಗೇಟಿನಿಂದ ಓಡಿ ಬಂದಳು. ಮೂಗಿನ ಬಟ್ಟೆ ಕುತ್ತಿಗೆಗೆ ಇಳಿದಿತ್ತು, ರೆಪ್ಪೆಯ ಮೇಲೆಲ್ಲ ಅರಿಸಿನದ ಪುಡಿ. ನಾನು ಅರ್ಧಕ್ಕೆ ಬಿಟ್ಟ ಫಾರಂ ಅನ್ನು ಹೊಂಗೆ ಮರದ ಕೆಳಗಿನ ಹೊಸಬ ಮಾರನೇ ವಾರವೇ ಪೂರ್ತಿ ಮಾಡಿಕೊಟ್ಟಿದ್ದ. "ಅವನ ಅಕ್ಷರ ನಿಮ್ಮಂಗಿಲ್ಲ, ಕೆಲ್ಸ ಆಯ್ತು" ಎಂದು ಅವಳ ತಾಯಿ ನನಗೆ ಆಗಲೇ ತಿಳಿಸಿದ್ದಳು.

ಹೆಡತಲೆಯ ಹುಡುಗಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. "ಹೊಸದಾಗಿ ಸೇರಿದ್ದೀಯಾ? ಏನ್ ಓದಿದ್ದೀಯ?"

ಆ ಮಗಳು ಒಮ್ಮೆ ಗೇಟಿನ ಕಡೆ ನೋಡಿದಳು. ಒಮ್ಮೆ ಹೊಸಬ ಕೂತಿದ್ದ ಕೈ ಇರುವ ಕುರ್ಚಿಯ ಕಡೆ ನೋಡಿದಳು. ಆಮೇಲೆ ನಾಲ್ಕನೇ ಕ್ಲಾಸಿನವರ ಹಾಗೆ ನೆಟ್ಟಗೆ ನಿಂತು, "ಎಸ್ಸೆಸ್ಸೆಲ್ಸಿ ಅಕ್ಕ" ಎಂದಳು.

ತಾಯಿ ಸ್ಟೌ ಮೇಲಿನ ಹಾಲಿನಿಂದ ಕಣ್ಣು ತೆಗೆಯಲಿಲ್ಲ. ಹೆಡತಲೆಯ ಹುಡುಗಿ ನನ್ನ ಮುಖ ನೋಡಿದಳು, ನೋಡುತ್ತಲೇ ಇದ್ದಳು, ಬಸ್ ಬಂದು ಹಾರ್ನ್ ಮಾಡುವ ತನಕ. ತನ್ನ ಟೀಗೆ ಮಾತ್ರ ದುಡ್ಡು ಇಟ್ಟು ಹೋದಳು.